ಉಪ್ಪಿನ ಸಮುದ್ರ ನಮ್ಮ ಮಡ್ಡಿಗೆ ಬಂದಾಗ

ನಮ್ಮೂರಿನ ಪಶ್ಚಿಮಕ್ಕೆ ಒಂದು ಮಡ್ಡಿ ಇದೆ. ಹುಲ್ಲು ಕೂಡ ಮನಸ್ಸಿಟ್ಟು ಬೆಳೆಯದ, ಎರಡು ಹರದಾರಿ ಅಗಲದ ಬರಡು ನೆಲ. ಜಗತ್ತಿನವರೆಲ್ಲ ಹಡಗು ಹತ್ತಿ, ವಿಮಾನ ಹತ್ತಿ ನೋಡಲು ಹೋಗುವ ಜಾಗಗಳು ಒಂದಲ್ಲ ಒಂದು ದಿನ ಬಂದು ಇಳಿಯುವುದು ಅಲ್ಲಿಯೇ. ಸಂಜೆ ದನ ಹೊಡೆದುಕೊಂಡು ಬರುವಾಗ ಮಡ್ಡಿ ಮಡ್ಡಿಯಾಗಿಯೇ ಇರುತ್ತದೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಂದ ಹೆಂಗಸರು ತಲೆ ಎತ್ತಿದರೆ ಅಲ್ಲೊಂದು ಜಲಪಾತವೋ, ಹೊಗೆ ಉಗುಳುವ ಬೆಟ್ಟವೋ, ಸಾವಿರ ವರ್ಷ ಹಳೆಯ ಕಟ್ಟಡವೋ ನಿಂತಿರುತ್ತದೆ. ಎರಡು ದಿನ ಇದ್ದೀತು, ಎರಡು ತಿಂಗಳು ಇದ್ದೀತು. ಹೋಗುವುದು ಮಾತ್ರ ಯಾವಾಗಲೂ ಹಗಲಲ್ಲೇ. ಅವುಗಳ ಜೊತೆ ಜನ ಬರುವುದಿಲ್ಲ. ಕಲ್ಲು, ನೀರು, ಮರಳು, ಅಲ್ಲಿಯ ಗಾಳಿ, ಅಷ್ಟೇ.

ನಾನು ಇಲ್ಲಿಯ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ನನ್ನ ಹತ್ತಿರ ಒಂದು ಹಳೆಯ ಅಟ್ಲಾಸ್ ಇದೆ. ಅದರಲ್ಲಿ ನಮ್ಮೂರಿಲ್ಲ, ಉಳಿದದ್ದೆಲ್ಲ ಇದೆ. ಯಾವುದು ಬಂದರೂ ಮಕ್ಕಳನ್ನು ಕರೆದುಕೊಂಡು ಹೋಗಿ, ಇದು ಇಂಥ ದೇಶದ್ದು, ಇಷ್ಟು ಎತ್ತರ ಎಂದು ಹೇಳಿಕೊಡುತ್ತೇನೆ. ಊರವರಿಗೆ ಹೆಸರುಗಳ ಗೊಡವೆಯಿಲ್ಲ. ಈಜಿಪ್ಟಿನ ಪಿರಮಿಡ್ಡುಗಳು ಬಂದಿದ್ದಾಗ ಅವುಗಳ ಕೆಳಗಿನ ಸಾಲಿನ ಕಲ್ಲುಗಳ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದರು. ಈಸ್ಟರ್ ದ್ವೀಪದ ದೊಡ್ಡ ಕಲ್ಲುತಲೆಗಳು ಬಂದಾಗ ಅವು ಹಗಲೂ ರಾತ್ರಿ ಮನೆಗಳ ಕಡೆಗೇ ನೋಡುತ್ತವೆಂದು ಹೆಂಗಸರು ಕಿಟಕಿಗೆ ಸೀರೆ ಕಟ್ಟಿದರು. ನಾಲ್ಕನೆಯ ದಿನ ಒಬ್ಬ ಅಜ್ಜಿ ಹೋಗಿ ಗಿಡ್ಡ ತಲೆಯೊಂದರ ಹಣೆಗೆ ವಿಭೂತಿ ಹಚ್ಚಿ ಬಂದ ಮೇಲೆ ಯಾರಿಗೂ ಸಂಕೋಚ ಉಳಿಯಲಿಲ್ಲ. ಪೆರುವಿನ ಮಾಚು ಪಿಚುವಿನ ಮೆಟ್ಟಿಲು ಹೊಲಗಳಲ್ಲಿ ನಮ್ಮ ಬಾಳಪ್ಪ ಜೋಳ ಬಿತ್ತಿದ್ದ. ತೆನೆ ಕಟ್ಟುವ ಮೊದಲೇ ಅದು ಹೊರಟುಹೋಯಿತು. ಅಲ್ಲಿ ಯಾರು ಕೊಯ್ದರೋ, ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಅವರಿಗೆ ಎಂದು ಅವನು ಈಗಲೂ ಕೇಳುತ್ತಾನೆ.

ಊರಿಗೆ ಇರುವ ನಿಯಮ ಒಂದೇ. ನಗಾರಿ ಬಾರಿಸಿದ ಕೂಡಲೇ ಎಲ್ಲರೂ ಹೊರಗೆ ಬರಬೇಕು. ಜಾಗವೊಂದು ಹೊರಡುವ ಮುನ್ನ ಅಲ್ಲಿಯ ನೆರಳುಗಳು ಮಸುಕಾಗುತ್ತವೆ. ಬಿಸಿಲು ಹಾಗೇ ಇರುತ್ತದೆ, ನೆರಳು ಮಾತ್ರ ಒಗೆದ ಬಟ್ಟೆಯ ಬಣ್ಣದಂತೆ ತಿಳಿಯಾಗುತ್ತ ಹೋಗುತ್ತದೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು, ಆಮೇಲೆ ಜಾಗವೇ ಇಲ್ಲ. ಇದನ್ನು ಊರಂಚಿನ ಹುಡೇವು, ಅಂದರೆ ಹಳೆಯ ಕಾವಲು ಗೋಪುರದ ಮೇಲೆ ಕೂತು ನೋಡುತ್ತಿದ್ದವಳು ನೀಲಗಂಗವ್ವ. ಐವತ್ತೆರಡು ವರ್ಷದ ಒಂಟಿ ಹೆಂಗಸು. ಅಪ್ಪನ ಕಾಲಾನಂತರ ಕೆಲಸ ಅವಳಿಗೆ ಬಂದಿತ್ತು. ಬೇರೆಯವರ ಕಣ್ಣಿಗೆ ಹತ್ತುವ ಮೊದಲೇ ನೆರಳಿನ ಬದಲಾವಣೆ ಅವಳಿಗೆ ಕಾಣುತ್ತಿತ್ತು. ಅವಳ ಅಪ್ಪನ ಕಾಲದಲ್ಲಿ ಚಂದ್ರಾಮ ಎಂಬ ಪತ್ತಾರ, ಅಂದರೆ ಅಕ್ಕಸಾಲಿಗ, ಒಂದು ಜಲಪಾತದ ಸದ್ದಿನಲ್ಲಿ ನಗಾರಿ ಕೇಳಿಸದೆ ಅದರೊಂದಿಗೇ ಹೋಗಿಬಿಟ್ಟಿದ್ದ. ಒಂಬತ್ತು ವರ್ಷದ ಮೇಲೆ ಜಲಪಾತ ಮತ್ತೆ ಬಂತು, ಚಂದ್ರಾಮ ಬರಲಿಲ್ಲ. ಸತ್ತನೆಂದು ಕೆಲವರು, ಅಲ್ಲೇ ಖಾನಾವಳಿ ಇಟ್ಟಿದ್ದಾನೆಂದು ಕೆಲವರು. ನೀಲಗಂಗವ್ವನ ಇಪ್ಪತ್ತೆರಡು ವರ್ಷದಲ್ಲಿ ಮಾತ್ರ ಒಬ್ಬರೂ ಹೋಗಿರಲಿಲ್ಲ. ಅವಳು ಎಂದೂ ಬಾಯಿಬಿಟ್ಟು ಹೇಳಿಕೊಂಡವಳಲ್ಲ, ಆದರೆ ಅವಳು ಸಂತೆಯಲ್ಲಿ ನಡೆಯುವ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

ಎರಡು ವರ್ಷದ ಹಿಂದೆ ಅರಬ್ಬಿ ನಾಡಿನ ಪೆಟ್ರಾ ಬಂತು. ಇಕ್ಕಟ್ಟಾದ ಬಂಡೆಗಳ ನಡುವೆ ನಡೆದುಹೋದರೆ ಎದುರಿಗೆ, ಬೆಟ್ಟವನ್ನೇ ಕೊರೆದು ಮಾಡಿದ ಎತ್ತರದ ಕಂಬಗಳ ಬಾಗಿಲು. ಅದರಾಚೆ ಗುಡ್ಡದ ತುಂಬ ಗವಿಗಳು. ಹೊತ್ತು ಏರಿದಂತೆ ಕಲ್ಲಿನ ಬಣ್ಣ ಗುಲಾಬಿಯಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಕುಂಕುಮಕ್ಕೆ ತಿರುಗುತ್ತಿತ್ತು. ಊರವರು ಅದಕ್ಕೆ ಕೆಂಪು ಕಲ್ಲಿನ ಊರು ಎಂದರು. ಐದನೆಯ ದಿನ ಮಧ್ಯಾಹ್ನ ನೀಲಗಂಗವ್ವ ನಗಾರಿ ಬಾರಿಸಿದಳು. ಜನ ಹೊರಬಂದರು. ಒಳಗೆ ಯಾರೂ ಉಳಿದಿಲ್ಲವೆಂದು ನೋಡಲು ನೇಮಿಸಿದ್ದ ನಾಲ್ವರು ಗಂಡಾಳುಗಳೂ ಬಂದು ಕೈ ಎತ್ತಿದರು. ಎಲ್ಲರೂ ಬಂದಾಯಿತು ಎಂಬುದಕ್ಕೆ ಕೊನೆಯಲ್ಲಿ ಮೂರು ಪೆಟ್ಟು ಹೊಡೆಯುವುದು ರೂಢಿ. ಕೋಲು ಎತ್ತಿದವಳಿಗೆ ಹತ್ತಿರದ ಗವಿಯೊಂದರ ಬಾಯಲ್ಲಿ ಕಪ್ಪು ಬಟ್ಟೆ ಅಲ್ಲಾಡಿದ್ದು ಕಂಡಿತು. ಆಳುಗಳಿಗೆ ಹೇಳುವಷ್ಟು ಹೊತ್ತಿರಲಿಲ್ಲ. ತಾನೇ ಇಳಿದು ಓಡಿದಳು. ಗವಿಯಲ್ಲಿ ಮುಖ ಮುಚ್ಚಿಕೊಂಡ ಒಬ್ಬ ಹೆಂಗಸು ಜ್ವರದಿಂದ ಕೆಂಡವಾಗಿ ಗೋಡೆ ಹಿಡಿದು ನಿಂತಿದ್ದಳು. ನೀಲಗಂಗವ್ವ ಅವಳ ರಟ್ಟೆ ಹಿಡಿದು ಎಳೆದಳು. ಆ ಹೆಂಗಸು ಚೀರಿದಳು, ಕೊಸರಿದಳು, ಕೈ ಕಚ್ಚಿದಳು. ಊರವಳೇ ಯಾರೋ, ಜ್ವರದ ಭ್ರಮೆ ಹಿಡಿದಿದೆ ಎಂದುಕೊಂಡು ನೀಲಗಂಗವ್ವ ಇನ್ನೂ ಬಿಗಿಯಾಗಿ ಹಿಡಿದು ದರದರನೆ ಎಳೆದುಕೊಂಡು ಮಡ್ಡಿಯ ಗಡಿ ದಾಟಿಸಿದಳು. ಹಿಂದೆ ಕೆಂಪು ಕಲ್ಲಿನ ಊರು ಇಲ್ಲವಾಯಿತು.

ಆಮೇಲೆ ಆ ಹೆಂಗಸಿನ ಮುಖದ ಮೇಲಿನ ಬಟ್ಟೆ ಸರಿಸಿದರು. ಗದ್ದದ ಮೇಲೆ ನೀಲಿ ಹಚ್ಚೆ. ನಮ್ಮೂರವಳಲ್ಲ. ಆ ಹೆಂಗಸು ಖಾಲಿ ಮಡ್ಡಿಯನ್ನು ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಮಡ್ಡಿಯನ್ನು ನೋಡಿದಳು.

ಜಾಗದ ಜೊತೆ ಮನುಷ್ಯರು ಬಂದದ್ದು ಅದೇ ಮೊದಲು. ಅವಳನ್ನು ಯಾರ ಮನೆಯಲ್ಲಿ ಇಡಬೇಕೆಂದು ಚಾವಡಿಯಲ್ಲಿ ಮಾತು ತೆಗೆಯುವ ಮೊದಲೇ ನೀಲಗಂಗವ್ವ ಅವಳನ್ನು ಹುಡೇವಿನ ಕೆಳಗಿನ ತನ್ನ ಖೋಲಿಗೆ ಕರೆದೊಯ್ದಿದ್ದಳು. ಜ್ವರ ಇಳಿಯಲು ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ದರ್ಜಿ ದಾವಲಸಾಬರನ್ನು ಕರೆಸಿದರು. ಅವರು ಹುಡುಗರಿಗೆ ಕುರಾನ್ ಓದಲು ಕಲಿಸುವವರು. ಅರಬ್ಬಿ ಓದಲು ಬರುತ್ತಿತ್ತು, ಮಾತಾಡಿ ಗೊತ್ತಿರಲಿಲ್ಲ. ಅವರೊಂದು ಶಬ್ದ ಇಡುವುದು, ಅವಳು ಹತ್ತು ಶಬ್ದ ಸುರಿಯುವುದು, ಅದರಲ್ಲಿ ಇವರಿಗೆ ಎರಡು ಸಿಗುವುದು. ಸಂಜೆಯವರೆಗೆ ಕೂತು ತಿಳಿದುಕೊಂಡದ್ದು ಇಷ್ಟು: ಹೆಸರು ಹಮ್ದಾ. ಆ ಗವಿ ಅವಳ ಮನೆ, ಅಷ್ಟೂ ದಿನ ಜ್ವರದಲ್ಲಿ ಅದರ ಒಳಮೂಲೆಯಲ್ಲಿ ಬಿದ್ದಿದ್ದಳು. ಪ್ರವಾಸಿಗರಿಗೆ ಚಹಾ ಮಾಡಿ ಮಾರುತ್ತಿದ್ದಳು. ಗಂಡ ಇಲ್ಲ. ಸುಮಯ್ಯಾ ಎಂಬ ಮಗಳಿದ್ದಾಳೆ, ಅಜ್ಜಿಯ ಮನೆಗೆ ಹೋಗಿದ್ದಳು. ಮಗಳು ಎಷ್ಟು ದೊಡ್ಡವಳು ಎಂದು ತೋರಿಸಲು ಹಮ್ದಾ ನೆಲದಿಂದ ಮೇಲೆ, ತನ್ನ ಸೊಂಟಕ್ಕಿಂತ ತುಸು ಕೆಳಗೆ, ಅಂಗೈ ಚಾಚಿ ಹಿಡಿದಳು.

ದಾವಲಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆಕಿ ಒಂದು ಮಾತು ಕೇಳಾಕತ್ತಾಳ ನೀಲವ್ವಾ. ನನ್ನನ್ನ ಯಾಕ ಮನಿಯಿಂದ ಹೊರಗ ಎಳದ್ರಿ ಅಂತ."

"ಉಳಸೂದಕ್ಕ ಅಂತ ಹೇಳ್ರಿ," ಎಂದಳು ನೀಲಗಂಗವ್ವ.

ದಾವಲಸಾಬರು ಆ ಶಬ್ದ ಹುಡುಕುತ್ತ ಬಹಳ ಹೊತ್ತು ಕೂತರು. ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ.

ಹಮ್ದಾ ನಮ್ಮೂರಲ್ಲಿ ಹದಿನಾಲ್ಕು ತಿಂಗಳು ಇದ್ದಳು. ಊರು ಅವಳಿಗೆ ಹೊಂದಿಕೊಂಡಿತು, ಅವಳೂ ಊರಿಗೆ ಹೊಂದಿಕೊಂಡಳು. ಜನ ಅವಳನ್ನು ಹಮದವ್ವ ಎಂದರು. ಅವಳ ಚಹಾದಲ್ಲಿ ಹಾಲಿರಲಿಲ್ಲ, ತನ್ನೂರಿನ ಯಾವುದೋ ಎಲೆಯ ಬದಲಿಗೆ ಅವಳು ತುಳಸಿ ಹಾಕುತ್ತಿದ್ದಳು. ಅದನ್ನು ಕುಡಿಯಲು ಸಂತೆಯ ದಿನ ಜನ ಸಾಲುಗಟ್ಟುತ್ತಿದ್ದರು. ಕನ್ನಡ ಕಲಿತಳು, ಅದೂ ನೀಲಗಂಗವ್ವನ ಬೈಗುಳದ ಸಮೇತ. ಆದರೆ ಪ್ರತಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹುಡೇವು ಹತ್ತಿ ಮಡ್ಡಿಯ ಕಡೆ ನೋಡುತ್ತಿದ್ದಳು. ಒಮ್ಮೆ ಬಿಳಿ ಉಪ್ಪಿನ ಬಯಲು ಬಂತು, ಆಕಾಶವೇ ನೆಲಕ್ಕೆ ಬಿದ್ದಂತೆ. ಒಮ್ಮೆ ಬೇರುಗಳು ನುಂಗಿದ ಗುಡಿಗಳು. ಒಮ್ಮೆ ಚೀನಾದ ಮಹಾಗೋಡೆಯ ಒಂದು ತುಂಡು. ನಮ್ಮ ಮೇಕೆಗಳು ಅದರ ಮೇಲೆ ಹತ್ತಿ ಮೂರು ದಿನ ಇಳಿಯಲೇ ಇಲ್ಲ. ನನಗೆ ಪ್ರತಿಯೊಂದೂ ಹಬ್ಬ. ಹಮ್ದಾ ಮಾತ್ರ ಒಂದು ಸಲ ನೋಡಿ, ಅಲ್ಲ ಎಂದು ತಲೆ ಆಡಿಸಿ, ಕೆಳಗಿಳಿದು ಒಲೆ ಹಚ್ಚುತ್ತಿದ್ದಳು.

ಒಂದು ದಿನ ಯಾರೋ ಹೊಸಬರು ಮಗಳು ಎಷ್ಟು ದೊಡ್ಡವಳು ಎಂದು ಕೇಳಿದರು. ಹಮ್ದಾ ಎಂದಿನಂತೆ ಅಂಗೈ ಚಾಚಿದಳು. ಆಮೇಲೆ ಒಂದು ಕ್ಷಣ ಯೋಚಿಸಿ ಕೈಯನ್ನು ನಾಲ್ಕು ಬೆರಳಷ್ಟು ಮೇಲಕ್ಕೆ ಏರಿಸಿದಳು. ಅಲ್ಲೇ ರೊಟ್ಟಿ ಬಡಿಯುತ್ತಿದ್ದ ನೀಲಗಂಗವ್ವ ಅದನ್ನು ನೋಡಿದಳು. ಆ ರೊಟ್ಟಿ ಹಂಚಿನ ಮೇಲೆ ಕರಕಲಾಯಿತು ಎಂದು ಅವಳೇ ಮುಂದೆ ನನಗೆ ಹೇಳಿದಳು.

ಹದಿನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಮಡ್ಡಿಯ ತುಂಬ ನೀರು ನಿಂತಿತ್ತು. ಅಲೆಯಿಲ್ಲದ, ಎಣ್ಣೆಯಂತೆ ದಪ್ಪನೆಯ ನೀರು. ದಂಡೆಯಲ್ಲಿ ಉಪ್ಪು ಬಿಳಿ ಹೂಕೋಸಿನಂತೆ ಗಂಟುಗಟ್ಟಿತ್ತು. ಹಿಂದೆ ಬೋಳು ಕಂದು ಬೆಟ್ಟಗಳು, ಅವುಗಳ ಬುಡದಲ್ಲಿ ಒಂದು ಡಾಂಬರು ರಸ್ತೆಯ ತುಂಡು. ನಾನು ಅಟ್ಲಾಸ್ ತೆರೆದು ಮಕ್ಕಳಿಗೆ ಮೃತ ಸಮುದ್ರ ಎಂದು ತೋರಿಸಿದೆ. ಈಜು ಬಾರದ ಬಾಳಪ್ಪ ನೀರಿನ ಮೇಲೆ ಅಂಗಾತ ಮಲಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಮುದುಕಿಯರು ಕಪ್ಪು ಕೆಸರನ್ನು ಮೊಣಕಾಲಿಗೆ ಮೆತ್ತಿಕೊಂಡು ಸಾಲಾಗಿ ಕೂತಿದ್ದರು.

ಹಮ್ದಾ ಅಂದು ಹುಡೇವಿನಿಂದ ತಲೆ ಆಡಿಸದೆ ಇಳಿದಳು. ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟಳು. ಬೆಟ್ಟಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಆಮೇಲೆ ರಸ್ತೆಯ ಕಡೆ ಓಡಿದಳು. ನೀಲಗಂಗವ್ವನೂ ನಾನೂ ಹಿಂದೆ ಹೋದೆವು. ರಸ್ತೆಯ ಪಕ್ಕದಲ್ಲಿ ಹಸಿರು ಬಣ್ಣದ ಒಂದು ಫಲಕ ನಿಂತಿತ್ತು. ಹಮ್ದಾಗೆ ಓದು ಬಾರದು. ಫಲಕವನ್ನು ಎರಡೂ ಕೈಯಿಂದ ಬಡಿದು, "ದಾವಲಸಾಬ್ರನ್ನ ಕರೀರಿ" ಎಂದಳು.

ದಾವಲಸಾಬರು ಅಳತೆಯ ಟೇಪು ಕೊರಳಲ್ಲೇ ಹಾಕಿಕೊಂಡು ಬಂದರು. ಕನ್ನಡಕ ಒರೆಸಿ, ಬಲದಿಂದ ಎಡಕ್ಕೆ ಬೆರಳಿಟ್ಟು ಅಕ್ಷರ ಕೂಡಿಸಿದರು. "ವಾ… ದಿ… ಮೂ… ಸಾ."

ಹಮ್ದಾ ಎದೆಗೆ ಕೈ ಬಡಿದುಕೊಂಡಳು. "ನಂದು," ಎಂದಳು. "ನಮ್ಮೂರು ಅದ. ಅಲ್ಲಿ ಸಂತಿ. ಅಲ್ಲಿ ನಮ್ಮವ್ವನ ಮನಿ. ಅಲ್ಲಿಂದ ಗವಿಗೆ ನಡಕೊಂಡ ಹೋಗ್ತೇನಿ." ಫಲಕದಲ್ಲಿ ಬಾಣದ ಗುರುತು ದಕ್ಷಿಣಕ್ಕಿತ್ತು. ನಾನು ಅಟ್ಲಾಸಿನ ಮೇಲೆ ದಾರ ಹಿಡಿದು ಅಳೆದೆ. ಅದರ ಲೆಕ್ಕದಲ್ಲಿ ಅದು ನಾಲ್ಕು ದಿನದ ನಡಿಗೆ. ಗಾಡಿ ಸಿಕ್ಕರೆ ಅರ್ಧ ದಿನ. ಅಲ್ಲಿಯವರೆಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ, ಅವಳದೇ ಊರು ಬರಬೇಕೆಂದಿಲ್ಲ, ಅದರ ಹತ್ತಿರದ್ದು ಬಂದರೂ ಸಾಕು ಎಂದು.

ಸಂಜೆ ಚಾವಡಿ ಸೇರಿತು. ಊರಿನ ಹಿರಿಯ ದ್ಯಾಮನಗೌಡರು ಕೆಟ್ಟವರಲ್ಲ, ಹಮ್ದಾಳ ಚಹಾ ದಿನಾ ಕುಡಿಯುವವರೇ. ಅವರು ಒಪ್ಪಲಿಲ್ಲ.

"ಒಳಗ ಉಳದವ್ರು ಏನಾಗ್ತಾರ ಅಂತ ಇಲ್ಲಿ ಯಾರಿಗೆ ಗೊತ್ತೈತಿ? ಚಂದ್ರಾಮ ಏನಾದ? ಇದ್ದಾಕಿನ್ನ ಕೈಯಾರೆ ಕಳಿಸಿ, ನಾಳೆ ಏನರ ಆದ್ರ ಆ ಪಾಪ ಯಾರ ತಲಿಗೆ?"

ಹಮ್ದಾ ಎದ್ದು ನಿಂತಳು. "ಗೌಡ್ರ, ನಾ ಬರುವಾಗ ಒಳಗ ಇದ್ದೆ. ಸಾಯಲಿಲ್ಲ."

"ಬರೂದು ಬ್ಯಾರೆ ತಂಗಿ, ಹೋಗೂದು ಬ್ಯಾರೆ. ನಿಮ್ಮ ಕೆಂಪು ಊರು ಬಂದಾಗ ನೋಡೂಣು. ಅದು ನಿನ್ನ ಊರು, ನಿನ್ನ ಗುರ್ತ ಹಿಡೀತೈತಿ. ಇದು ಬರೇ ಉಪ್ಪು ನೀರು."

"ಅದು ಯಾವಾಗ ಬರ್ತದ?"

ಗೌಡರು ನನ್ನ ಕಡೆ ನೋಡಿದರು. ಅಟ್ಲಾಸಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನೀಲಗಂಗವ್ವ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು. ನಿಯಮ ನಿಯಮವೇ, ಯಾರೂ ಒಳಗೆ ಉಳಿಯಕೂಡದು ಎಂದು ತೀರ್ಮಾನವಾಯಿತು. ಏಳುವಾಗ ಗೌಡರು ಅವಳಿಗೆ, "ನಿನ್ನ ಕಾಲದಾಗ ಒಬ್ಬರೂ ಹೋಗಿಲ್ಲ ನೀಲವ್ವಾ. ಅದನ್ನ ಉಳಸ್ಕೊಂಡು ಬಾ," ಎಂದರು.

ಸಮುದ್ರ ಎಂಟು ದಿನ ಇತ್ತು. ಆ ಎಂಟು ದಿನ ನೀಲಗಂಗವ್ವ ಹುಡೇವಿನಿಂದ ಕೆಳಗಿಳಿದದ್ದು ಕಡಿಮೆ. ಅವಳಿಗೆ ಹೆದರಿಕೆ ಇತ್ತು. ಗೌಡರ ಹೆದರಿಕೆಯೇ ಅವಳದೂ ಆಗಿತ್ತು. ಚಂದ್ರಾಮ ಅವಳಿಗೆ ಗೊತ್ತಿದ್ದವನು, ಸಣ್ಣವಳಿದ್ದಾಗ ಅವಳ ಕಿವಿ ಚುಚ್ಚಿದವನು ಅವನೇ. ಜಾಗದೊಂದಿಗೆ ಹೋಗುವುದೆಂದರೆ ಊರಿಂದ ಊರಿಗೆ ಹೋಗುವುದೋ, ದೀಪ ಆರಿದಂತೆ ಆರುವುದೋ? ಆರನೆಯ ದಿನ ಅವಳು ಹಮ್ದಾಳನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿದಳು. "ಏನೂ ಆಗಬಹುದು. ಸತ್ತರೂ ಸಾಯಬಹುದು. ತಿಳದದ ನಿನಗ?"

"ತಿಳದದ."

"ಹೆದರಿಕಿ ಇಲ್ಲ?"

"ಅದ." ಹಮ್ದಾ ಅವಳ ಕೈ ಹಿಡಿದಳು. "ಇಲ್ಲಿ ಕುಂತ್ರೂ ಅದ. ಸುಮಯ್ಯಾ ಅಂದ್ಕೊಂಡಿರ್ತಾಳ, ಅವ್ವ ಬಿಟ್ಟು ಹೋದ್ಲು ಅಂತ. ನಾ ಬಿಟ್ಟು ಬಂದಿಲ್ಲ. ನೀ ಎಳದಿ."

ಹದಿನಾಲ್ಕು ತಿಂಗಳಲ್ಲಿ ಆ ಮಾತನ್ನು ಹಮ್ದಾ ಕನ್ನಡದಲ್ಲಿ ಆಡಿದ್ದು ಅದೊಂದೇ ಸಲ. ಸಿಟ್ಟಿನಿಂದ ಆಡಿರಲಿಲ್ಲ. ನೀಲಗಂಗವ್ವ ಎದ್ದುಹೋಗಿ ಜೋಳದ ಹಿಟ್ಟು ಜರಡಿ ಹಿಡಿಯಲು ಶುರುಮಾಡಿದಳು. ಅಂದೇ ನಲವತ್ತು ಕಟಿರೊಟ್ಟಿ ಮಾಡಿದಳು. ತಿಂಗಳಾದರೂ ಕೆಡದ ರೊಟ್ಟಿ. ಶೇಂಗಾ ಚಟ್ನಿಯನ್ನು ಬೇರೆ ಕಟ್ಟಿದಳು. ನೀರಿಗೆ ಎರಡು ಕ್ಯಾನು ತಂದಳು, ಅಲ್ಲಿಯ ನೀರು ಕುಡಿಯಲಾಗದೆಂದು ನಾನು ಹೇಳಿದ್ದೆ.

ಎಂಟನೆಯ ದಿನ ಹೊತ್ತು ಬಾಗುವಾಗ ನೆರಳು ಮಸುಕಾಗತೊಡಗಿತು. ನೀಲಗಂಗವ್ವ ಒಂದು ಕ್ಷಣವೂ ತಡ ಮಾಡದೆ ನಗಾರಿ ಬಾರಿಸಿದಳು. ಜನ ಮೈ ಮೇಲಿನ ಕೆಸರಿನ ಸಮೇತ ಓಡಿ ಬಂದರು, ಬಾಳಪ್ಪನನ್ನು ಇಬ್ಬರು ನೀರಿನಿಂದ ಎತ್ತಿಕೊಂಡು ಬಂದರು. ನಾನು ಮಕ್ಕಳನ್ನು ಎಣಿಸಿ ಹುಡೇವಿನ ಬುಡದಲ್ಲಿ ನಿಲ್ಲಿಸಿದೆ. ಆ ನಾಲ್ವರು ಗಂಡಾಳುಗಳು ದಂಡೆಯ ಉದ್ದಕ್ಕೂ ನೋಡಿ ಬಂದು ಕೆಳಗಿನಿಂದ ಕೂಗಿದರು. "ದಂಡಿ ಖಾಲಿ ಐತ್ರಿ ನೀಲವ್ವಾ. ರಸ್ತೆ ಕಡೆ ಹೋಗೂಣೇನು?"

"ರಸ್ತೆ ಕಡೆ ನಾ ನೋಡೇನಿ," ಎಂದಳು ಅವಳು ಮೇಲಿನಿಂದ.

ನಾನೂ ನೋಡಿದ್ದೆ. ಹಸಿರು ಫಲಕದ ಬುಡದಲ್ಲಿ ಗಂಟು ಇಟ್ಟುಕೊಂಡು ಹಮ್ದಾ ಕೂತಿದ್ದಳು, ಬಸ್ಸಿಗೆ ಕಾಯುವವಳಂತೆ. ನಾನು ಬಾಯಿ ತೆರೆದೆ. ಮೇಲೆ ನೋಡಿದೆ. ನೀಲಗಂಗವ್ವ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ.

ಜನ ಕೊನೆಯ ಮೂರು ಪೆಟ್ಟಿಗೆ ಕಾದರು. ಅವು ಬೀಳಲಿಲ್ಲ. ಸುಳ್ಳು ಪೆಟ್ಟು ಹೊಡೆಯಲು ಅವಳ ಕೈ ಏಳಲಿಲ್ಲ. ಆ ಮೌನದಲ್ಲಿ ಗೌಡರಿಗೆ ತಿಳಿಯಿತು. "ಯಾರೋ ಒಳಗದಾರ" ಎಂದು ಅವರು ಹೇಳುವಷ್ಟರಲ್ಲಿ ನಾಲ್ವರೂ ಓಡಲು ಅನುವಾದರು. ನೀಲಗಂಗವ್ವ ಮೆಟ್ಟಿಲು ಇಳಿದು ಬಂದು ಗಡಿಯ ಮೇಲೆ ಕೈಯಗಲಿಸಿ ನಿಂತಳು. ಅವಳು ತಳ್ಳಲಿಲ್ಲ, ಕೂಗಲಿಲ್ಲ. "ನಿಂದರ್ರಿ," ಎಂದಳು, "ಆಕಿ ತನ್ನ ಮನಿಗೆ ಹೊಂಟಾಳ." ಓಡುತ್ತಿದ್ದವರಲ್ಲಿ ಮುಂದಿದ್ದವನು ಅವಳ ಮುಖ ನೋಡಿ ನಿಂತ. ಅವನ ಹಿಂದಿನವರೂ ನಿಂತರು. ದೂರದಲ್ಲಿ ಹಮ್ದಾ ಎದ್ದು ಗಂಟು ಹೆಗಲಿಗೇರಿಸಿ, ನಮ್ಮ ಕಡೆ ತಿರುಗಿ ಒಂದು ಕೈ ಎತ್ತಿದಳು. ಅವಳಿಗೆ ನೆರಳೇ ಇರಲಿಲ್ಲ. ಅವಳು ಕೈ ಎತ್ತಿ ನಿಂತಂತೆಯೇ ಸಮುದ್ರ, ಬೆಟ್ಟ, ರಸ್ತೆ ಹೋದವು. ಬರಿ ಮಡ್ಡಿ. ಗಾಳಿಯಲ್ಲಿ ತುಸು ಹೊತ್ತು ಉಪ್ಪಿನ ರುಚಿ ಇತ್ತು.

ಮರುದಿನ ಚಾವಡಿಯಲ್ಲಿ ಗೌಡರು ಕೇಳಿದರು. "ಆಕಿ ಮುಟ್ಟಿದಳಂತ ನಿನಗ ಹೆಂಗ ಗೊತ್ತು?"

"ಗೊತ್ತಿಲ್ರಿ."

"ಮತ್ತ?"

"ಇಲ್ಲಿ ಇದ್ರ ಮುಟ್ಟೂದಿಲ್ಲ ಅಂತ ಗೊತ್ತಿತ್ತು."

ಆದರೂ ಕಾವಲಿನವಳೇ ನಿಯಮ ಮುರಿದರೆ ನಾಳೆ ನಗಾರಿಗೆ ಓಡಿ ಬರುವವರು ಯಾರು ಎಂಬ ಗೌಡರ ಪ್ರಶ್ನೆಯಲ್ಲೂ ನ್ಯಾಯವಿತ್ತು. ನೀಲಗಂಗವ್ವನೇ ನಗಾರಿಯ ಕೋಲುಗಳನ್ನು ತಂದು ಅವರ ಮುಂದಿಟ್ಟಳು. ಕಾವಲು ಆ ನಾಲ್ವರಲ್ಲಿ ಒಬ್ಬನಿಗೆ ಹೋಯಿತು. ಅವಳು ಒಂದು ವಾರ ಬಾಗಿಲು ಹಾಕಿಕೊಂಡು ಮಲಗಿದಳು. ಎಲ್ಲರೂ ತಿಳಿದದ್ದು ಕೆಲಸ ಹೋದ ದುಃಖವೆಂದು. ಅವಳು ನನಗೆ ಹೇಳಿದ್ದು ಬೇರೆ: ಹಮ್ದಾ ಎತ್ತಿದ ಕೈ ವಿದಾಯದ್ದೋ, ಕರೆದದ್ದೋ, ಬೇಡ ಎಂದು ಹೆದರಿ ಎತ್ತಿದ್ದೋ ಎಂದು ಅವಳು ಆ ಏಳೂ ದಿನ ಯೋಚಿಸಿದ್ದಳು. "ನಿಮಗೇನನಿಸ್ತು ಮಾಸ್ತರ?" ಎಂದು ಕೇಳಿದಳು. ನನಗೆ ವಿದಾಯದಂತೆ ಕಂಡಿತು ಎಂದೆ. ಅವಳು ನಂಬಿದಳೋ ಇಲ್ಲವೋ, ಎದ್ದು ಮುಖ ತೊಳೆದಳು.

ಮುಂದಿನ ತಿಂಗಳು ಹಿಮನದಿ ಬಂತು. ದಕ್ಷಿಣ ಅಮೆರಿಕದ ತುದಿಯದು, ಮನೆ ಮೇಲೆ ಮನೆ ಇಟ್ಟಷ್ಟು ಎತ್ತರದ ನೀಲಿ ಮಂಜುಗಡ್ಡೆಯ ಗೋಡೆ, ಅದರ ಪಕ್ಕದಲ್ಲಿ ಮೇಲೆ ಹತ್ತುವ ದಾರಿ. ಒಳಗಿಂದ ಆಗಾಗ ಗುಡುಗಿನಂತೆ ಸೀಳುವ ಸದ್ದು. ಇಡೀ ಊರು ಕಂಬಳಿ ಹೊದ್ದು ಹೊರಟಿತು. ನಾನು ನೀಲಗಂಗವ್ವನ ಬಾಗಿಲು ತಟ್ಟಿದೆ. ಅವಳು ಅಪ್ಪನ ಹಳೆಯ ಕೋಟು ಹಾಕಿಕೊಂಡು ಬಂದಳು. ಗಡಿಯ ಹತ್ತಿರ ಬಂದಾಗ ಅವಳ ಕಾಲು ನಿಂತವು. ಕಾವಲಿನ ಇಪ್ಪತ್ತೆರಡು ವರ್ಷದಲ್ಲಿ ಬರೀ ನೋಡಲೆಂದು ಅವಳು ಅದನ್ನು ದಾಟಿದವಳಲ್ಲ. ಮಕ್ಕಳು ದಾಟಿ ಓಡಿಹೋದರು. ಅವಳು ಚಪ್ಪಲಿ ಸರಿಮಾಡಿಕೊಂಡು, ಗುಡಿಯ ಹೊಸ್ತಿಲು ದಾಟುವವಳಂತೆ ಬಲಗಾಲು ಮುಂದಿಟ್ಟಳು.

ಮಧ್ಯಾಹ್ನದವರೆಗೂ ಅವಳು ನನ್ನನ್ನು ಪ್ರಶ್ನೆಗಳಿಂದ ಹಣ್ಣು ಮಾಡಿದಳು. ನೀಲಿ ಬಣ್ಣ ಎಲ್ಲಿಂದ ಬಂತು, ಒಳಗೆ ಮೀನಿವೆಯೇ, ಇದು ನಡೆಯುತ್ತದೆ ಅಂತೀರಲ್ಲ, ಎಷ್ಟು ದಿನಕ್ಕೆ ಎಷ್ಟು ಮೊಳ. ಮಂಜಿನ ಬಿರುಕಿಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದಳು. ಒಂದು ಚೂರು ಬಾಯಿಗೆ ಹಾಕಿಕೊಂಡು ಹಲ್ಲು ಜುಮ್ಮೆಂದು ನಕ್ಕಳು. ದಿಬ್ಬ ಹತ್ತಿ ನಿಂತಾಗ ಆಚೆಗೆ ಬಿಳಿ ಬಯಲು ಕಣ್ಣು ಹೋಗುವವರೆಗೆ ಹಬ್ಬಿತ್ತು.

ಐದನೆಯ ದಿನ ನಗಾರಿ ಬಡಿಯಿತು. ಹೊಸ ಕಾವಲುಗಾರ ಅಂಜುಬುರುಕ, ಬಡಿತ ಜೋರಾಗಿತ್ತು. ಜನ ಜಾರುತ್ತ ಏಳುತ್ತ ಊರ ಕಡೆ ಓಡಿದರು. ನಾನು ಮಕ್ಕಳನ್ನು ಮುಂದೆ ಕಳಿಸಿ ತಿರುಗಿ ನೋಡಿದೆ. ನೀಲಗಂಗವ್ವ ದಿಬ್ಬದ ಮೇಲೆ ಆಚೆಯ ಬಯಲಿಗೆ ಮುಖ ಮಾಡಿ ನಿಂತಿದ್ದಳು. ಅವಳ ನೆರಳು ಆಗಲೇ ತಿಳಿಯಾಗಿತ್ತು. ಕೇಳಿಸಲಿಲ್ಲವೇನೋ ಎಂದು ಹೆಸರು ಹಿಡಿದು ಕೂಗಿದೆ.

"ಕೇಳಿಸ್ತೈತ್ರಿ ಮಾಸ್ತರ," ಎಂದಳು, ತಿರುಗದೆ. "ನೀವು ನಡೀರಿ. ಅಲ್ಲಿ ಆ ತುದಿಗೆ ಏನೋ ಕರ್ರಗ ಕಾಣಾಕತ್ತೈತಿ. ಬೆಟ್ಟೋ, ನೀರೋ, ಅಷ್ಟು ನೋಡ್ಕೊಂಡು ಬರ್ತೇನಿ."

ಬಂದಳು. ಎಲ್ಲರಿಗಿಂತ ಕೊನೆಗೆ, ಓಡದೆ, ನಡೆದುಕೊಂಡು.